ವಕೀಲಿ ಕಚೇರಿ: ತಂತ್ರಜ್ಞಾನ ಮತ್ತು ಹೊರಗುತ್ತಿಗೆ (ಕೂಡ್ಲಿಗಿ–ಹರಪನಹಳ್ಳಿ ಭಾಗ)

ವಕೀಲರ ಕಚೇರಿಯಲ್ಲಿ ಆಗಬೇಕಾದ ಬರವಣಿಗೆ, ನಕಲು, ದಾಖಲೆ ಹುಡುಕಾಟ, ಕರಡು ತಯಾರಿಕೆಗಳನ್ನು ಹೊರಗಿನವರಿಂದ ಮಾಡಿಸುವ ಪದ್ಧತಿಗೆ ವಕೀಲಿ ಹೊರಗುತ್ತಿಗೆ ಎನ್ನುತ್ತಾರೆ. ಇದರ ಇತಿಹಾಸವನ್ನು ಸಾಮಾನ್ಯವಾಗಿ 1995ರಿಂದ ಹೇಳಲಾಗುತ್ತದೆ. ಆ ವರ್ಷ ಅಮೆರಿಕದ ಡಲ್ಲಾಸಿನ ಬಿಕೆಲ್ ಅಂಡ್ ಬ್ರೂವರ್ ಎಂಬ ವಕೀಲ ಸಂಸ್ಥೆ ಹೈದರಾಬಾದಿನಲ್ಲಿ ಕಚೇರಿ ತೆರೆಯಿತು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ತಾಲ್ಲೂಕುಗಳಿಗೆ ಈ ಆರಂಭ ಹೊಂದುವುದಿಲ್ಲ. ಇಲ್ಲಿನ ಕಚೇರಿ ಎಂದರೆ ಒಬ್ಬ ವಕೀಲರು, ಇದ್ದರೆ ಒಬ್ಬಿಬ್ಬರು ಜೂನಿಯರ್‌ಗಳು, ಒಬ್ಬ ಗುಮಾಸ್ತ. ಆದರೆ ಕೆಲಸವನ್ನು ಹೊರಗೆ ಕೊಡುವ ರೂಢಿ ಇಲ್ಲಿ ಕಂಪ್ಯೂಟರಿಗಿಂತ ಬಹಳ ಹಳೆಯದು. ಅದನ್ನು ಬಿಟ್ಟು ಬರೆದ ಚರಿತ್ರೆ ಅರ್ಧ ಚರಿತ್ರೆ.

1800ರಲ್ಲಿ ನಿಜಾಮನಿಂದ ಕಂಪನಿಗೆ ಸೇರಿದ ಈ ಸೀಮೆ 1953ರ ಅಕ್ಟೋಬರ್ 1ರವರೆಗೆ ಮದ್ರಾಸಿನ ಆಡಳಿತದಲ್ಲಿತ್ತು. ಹೈಕೋರ್ಟಿನ ಮೇಲ್ಮನವಿ ಎಂದರೆ ಕಡತ ಮದ್ರಾಸಿಗೆ ಹೋಗಬೇಕಿತ್ತು, ಅಲ್ಲಿ ಬೇರೊಬ್ಬ ವಕೀಲರು ಅದನ್ನು ನಡೆಸಬೇಕಿತ್ತು. ತಾಲ್ಲೂಕಿನ ವಕೀಲರಿಗೆ ಕಕ್ಷಿದಾರನ ಮುಖ ಗೊತ್ತು, ಮೇಲಿನ ವಕೀಲರಿಗೆ ಕಡತ ಮಾತ್ರ ಗೊತ್ತು. ಈ ವಿಭಜನೆ ಇಂದಿಗೂ ಉಳಿದಿದೆ. ಇನ್ನೊಂದು ಕಡೆ ಉಪನೋಂದಣಾಧಿಕಾರಿ ಕಚೇರಿಯ ಹೊರಗೆ ಪತ್ರ ಬರಹಗಾರರು ಕ್ರಯಪತ್ರ, ವಿಭಾಗಪತ್ರಗಳನ್ನು ಬರೆಯುತ್ತಿದ್ದರು. ಅವರ ಕಸುಬಿನ ತೂಕ ಗೊತ್ತಾಗುತ್ತಿದ್ದುದು ಚಕ್ಕುಬಂದಿಯಲ್ಲಿ. ಪೂರ್ವಕ್ಕೆ ಯಾರ ಹೊಲ, ಪಶ್ಚಿಮಕ್ಕೆ ಯಾವ ಹಳ್ಳ, ಉತ್ತರಕ್ಕೆ ಬಂಡಿದಾರಿ, ದಕ್ಷಿಣಕ್ಕೆ ಯಾರ ಬದು ಎಂಬ ನಾಲ್ಕು ಸಾಲು ತಪ್ಪಿದರೆ ಎರಡು ತಲೆಮಾರು ಕೋರ್ಟಿಗೆ ಅಲೆಯಬೇಕಾಗುತ್ತಿತ್ತು.

ಕಾನೂನಿನ ಕೆಲಸ ವಕೀಲರ ಕೈ ಬಿಟ್ಟು ಹೊರಗೆ ಹೋದ ಅತಿ ದೊಡ್ಡ ಪ್ರಸಂಗ ಭೂಸುಧಾರಣೆಯದು. ಹೊರಗುತ್ತಿಗೆಯ ಬರಹಗಳಲ್ಲಿ ಇದರ ಸುದ್ದಿ ಬರುವುದಿಲ್ಲ, ಹಾಗಾಗಿ ಇಲ್ಲಿ ತುಸು ವಿಸ್ತಾರವಾಗಿ ಹೇಳಬೇಕು. ಭೂಸುಧಾರಣಾ ಕಾಯ್ದೆಗೆ 1974ರ ಮಾರ್ಚ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಹಾಕಿ ಭೂ ನ್ಯಾಯಮಂಡಳಿಯ ಮುಂದೆ ಜಮೀನು ಕೇಳಬಹುದಿತ್ತು. ಜನರ ಬಾಯಲ್ಲಿ ಅದು ‘ಡಿಕ್ಲರೇಷನ್’. ಅರ್ಜಿಯ ಗಡುವು ವಿಸ್ತರಣೆಯಾಗುತ್ತಾ 1979ರ ಜೂನ್ 30ಕ್ಕೆ ಮುಗಿಯಿತು. ಕಾಯ್ದೆಯ 48ನೇ ಪ್ರಕರಣದ 8ನೇ ಉಪಪ್ರಕರಣ ಮಂಡಳಿಯ ಮುಂದೆ ವಕೀಲರು ಹಾಜರಾಗುವುದನ್ನೇ ನಿಷೇಧಿಸಿತ್ತು. ಬಡ ಗೇಣಿದಾರನ ಎದುರು ಜಮೀನ್ದಾರ ದೊಡ್ಡ ವಕೀಲರನ್ನು ತಂದು ನಿಲ್ಲಿಸಬಾರದು ಎಂಬ ಆಶಯ ಒಳ್ಳೆಯದೇ. ಆದರೆ ಓದುಬರಹ ಬಾರದವನಿಗೆ ನಮೂನೆಯನ್ನು ತುಂಬುವವರು ಯಾರಾದರೂ ಬೇಕಲ್ಲ? ಆ ಕೆಲಸ ಅರ್ಜಿ ಬರೆಯುವವರ, ಊರಿನ ಓದುಬಲ್ಲವರ ಪಾಲಾಯಿತು. ಸರ್ವೆ ನಂಬರು ತಪ್ಪಿ ಬಿದ್ದರೆ, ಗೇಣಿಯ ವರ್ಷ ಬಿಟ್ಟುಹೋದರೆ ಅದಕ್ಕೆ ಹೊಣೆಗಾರರೇ ಇರಲಿಲ್ಲ. ಎಚ್.ಎಸ್. ಶ್ರೀನಿವಾಸ ರಾಘವಾಚಾರ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1987ರಲ್ಲಿ ಈ ನಿಷೇಧವನ್ನು ತೆಗೆದುಹಾಕಿತು. ಅಷ್ಟರಲ್ಲಿ ಗಡುವು ಮುಗಿದು ಎಂಟು ವರ್ಷವಾಗಿತ್ತು. ಕೆಲಸ ಹೊರಗೆ ಹೋದರೆ ತಪ್ಪಿನ ಹೊಣೆ ಯಾರದು ಎಂಬ ಪ್ರಶ್ನೆ ಇಲ್ಲಿನವರಿಗೆ ಎದುರಾದದ್ದು ಆಗಲೇ.

ಯಂತ್ರದ ಪ್ರವೇಶ ಮೊದಲು ಆದದ್ದು ಕೋರ್ಟಿನ ಮೂಲಕವಲ್ಲ, ಪಹಣಿಯ ಮೂಲಕ. 2000ದ ಸುಮಾರಿಗೆ ಬಂದ ‘ಭೂಮಿ’ ಯೋಜನೆ ರಾಜ್ಯದ 177 ತಾಲ್ಲೂಕುಗಳ ಸುಮಾರು 2 ಕೋಟಿ ಭೂದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿತು. ಗ್ರಾಮಲೆಕ್ಕಿಗರ ಕೈಬರಹದ ಪಹಣಿ ಅಮಾನ್ಯವಾಗಿ, ತಾಲ್ಲೂಕು ಕಚೇರಿಯ ಕಿಂಡಿಯಲ್ಲಿ 15 ರೂಪಾಯಿಗೆ ಮುದ್ರಿತ ಪ್ರತಿ ಸಿಗತೊಡಗಿತು. ದಾವೆಗೆ ಬೇಕಾದ ಮುಖ್ಯ ದಾಖಲೆ ವಕೀಲರ ಗುಮಾಸ್ತ ಹಳ್ಳಿಗೆ ಹೋಗದೆಯೇ ಕೈಗೆ ಬಂತು. ಆದರೆ ಏರಿಸುವಾಗ ಆದ ತಪ್ಪುಗಳೂ ಅಚ್ಚಾಗಿ ಬಂದವು. ಹೆಸರು, ವಿಸ್ತೀರ್ಣಗಳ ತಿದ್ದುಪಡಿಯೇ ಒಂದು ಬಗೆಯ ಹೊಸ ಕೇಸಾಯಿತು. ಇದೇ ಕಾಲದಲ್ಲಿ ತೆಲಗಿಯ ನಕಲಿ ಛಾಪಾ ಕಾಗದ ಹಗರಣದಿಂದಾಗಿ ಹಳೆಯ ಛಾಪಾ ಕಾಗದ ರಾಜ್ಯದಲ್ಲಿ ನಿಂತುಹೋಯಿತು, ಮುಂದೆ ಇ-ಸ್ಟಾಂಪ್ ಬಂತು. ಕೋರ್ಟಿನ ಎದುರಿನ ಟೈಪ್‌ರೈಟರಿನ ಜಾಗಕ್ಕೆ ಡಿಟಿಪಿ ಅಂಗಡಿ ಬಂತು. ನುಡಿ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿದ ವಾದಪತ್ರವನ್ನು ಆ ಅಕ್ಷರಶೈಲಿ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು ಕಾಣುತ್ತಿತ್ತು. ಹಾಗಾಗಿ ಯೂನಿಕೋಡ್ ರೂಢಿಯಾಗುವವರೆಗೆ ಮಿಂಚಂಚೆಗಿಂತ ಬಸ್ಸಿನಲ್ಲಿ ಹೋದ ಕಾಗದವೇ ನಂಬಿಕಸ್ತ.

ಐದೂ ತಾಲ್ಲೂಕುಗಳನ್ನು ಒಂದೇ ಬಳ್ಳಾರಿ ಜಿಲ್ಲೆಯ ಕತೆಯಾಗಿ ಹೇಳುವ ಬರಹಗಳು ಹರಪನಹಳ್ಳಿಯ ವಿಷಯದಲ್ಲಿ ಎಡವುತ್ತವೆ. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾದಾಗ ಹರಪನಹಳ್ಳಿ ಅದಕ್ಕೆ ಸೇರಿತು. 2018ರಲ್ಲಿ ಮತ್ತೆ ಬಳ್ಳಾರಿಗೆ ಬಂತು. 2021ರಲ್ಲಿ ಉಳಿದ ನಾಲ್ಕರ ಜೊತೆ ವಿಜಯನಗರ ಜಿಲ್ಲೆಗೆ ಸೇರಿತು. ಈ ನಡುವೆ 2008ರ ಜುಲೈಯಲ್ಲಿ ಧಾರವಾಡದಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಆರಂಭವಾಯಿತು, 2013ರಲ್ಲಿ ಅದು ಕಾಯಂ ಆಯಿತು. ಬಳ್ಳಾರಿ ಜಿಲ್ಲೆ ಧಾರವಾಡ ಪೀಠಕ್ಕೆ ಸೇರಿತು, ದಾವಣಗೆರೆ ಜಿಲ್ಲೆ ಬೆಂಗಳೂರಿನಲ್ಲೇ ಉಳಿಯಿತು. ಹೀಗೆ ನೆರೆಹೊರೆಯ ಹಡಗಲಿ, ಹರಪನಹಳ್ಳಿಗಳ ಮೇಲ್ಮನವಿಗಳು ಎರಡು ದಿಕ್ಕಿಗೆ ಹೋದವು. ಬೀಗರಾದ ಎರಡು ಮನೆಗಳ ಕಡತಗಳನ್ನು ಎರಡು ಊರಿನ ವಕೀಲರು ನಡೆಸಿದ್ದುಂಟು. ಹಳೆಯ ತೀರ್ಪಿನ ದೃಢೀಕೃತ ನಕಲು ಬೇಕೆಂದರೆ ಯಾವ ಜಿಲ್ಲೆಯ ದಾಖಲೆ ಕೋಣೆ ಎಂದು ಮೊದಲು ವರ್ಷ ನೋಡಬೇಕು. ಕೂಡ್ಲಿಗಿಯಿಂದ ಬೇರೆಯಾಗಿ ತಾಲ್ಲೂಕಾದ ಕೊಟ್ಟೂರಿನ ಹಳೆಯ ಕಾಗದಗಳನ್ನು ಕೂಡ್ಲಿಗಿಯ ಹೆಸರಿನಲ್ಲೇ ಹುಡುಕಬೇಕು. ದಾಖಲೆಗಳನ್ನು ಡಿಜಿಟಲ್ ಮಾಡುವವರು ಈ ಗಡಿಗಳ ಇತಿಹಾಸ ತಿಳಿಯದೆ ಹೋದರೆ ಕಾಗದ ಇದ್ದೂ ಇಲ್ಲದಂತೆ.

ಕೋರ್ಟುಗಳನ್ನು ಗಣಕೀಕರಿಸುವ ಇ-ಕೋರ್ಟ್ಸ್ ಯೋಜನೆಯ ಮೊದಲ ಹಂತ 2007ರಲ್ಲಿ, ಎರಡನೆಯದು 2015ರಲ್ಲಿ ಆರಂಭವಾಯಿತು. 7,210 ಕೋಟಿ ರೂಪಾಯಿಯ ಮೂರನೆಯ ಹಂತಕ್ಕೆ 2023ರ ಸೆಪ್ಟೆಂಬರಿನಲ್ಲಿ ಒಪ್ಪಿಗೆ ಸಿಕ್ಕಿತು. ತಾಲ್ಲೂಕು ವಕೀಲರಿಗೆ ಇದರಲ್ಲಿ ಮುಖ್ಯವಾದದ್ದು ಪ್ರತಿ ಪ್ರಕರಣಕ್ಕೆ ಕೊಡುವ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ. ಹಿಂದೆ ಮುಂದಿನ ವಾಯಿದೆ ಗುಮಾಸ್ತರ ಡೈರಿಯಲ್ಲಿ ಮಾತ್ರ ಇರುತ್ತಿತ್ತು. ಕಕ್ಷಿದಾರ ಅದನ್ನು ಕೇಳಲೆಂದೇ ಬಸ್ಸು ಹತ್ತಿ ಬರುತ್ತಿದ್ದ. ಈಗ ಮಗನೋ ಮೊಮ್ಮಗಳೋ ಮೊಬೈಲಿನಲ್ಲಿ ನೋಡಿ ಹೇಳುತ್ತಾರೆ. ‘ಸ್ವಾಮೀ, ಹೋದ ವಾಯ್ದೆಗೆ ನಮ್ಮ ಕಡೆಯಿಂದ ಯಾಕೆ ಯಾರೂ ಹಾಜರಾಗಿಲ್ಲ?’ ಎಂದು ಕೇಳುವಷ್ಟು ಕಕ್ಷಿದಾರನಿಗೆ ತಿಳಿವಳಿಕೆ ಬಂದಿದೆ. ವಕೀಲರ ಕಸುಬನ್ನು ಇದಕ್ಕಿಂತ ಹೆಚ್ಚು ಬದಲಿಸಿದ್ದು ಇನ್ನೊಂದಿಲ್ಲ ಎಂಬುದು ಈ ಲೇಖಕರ ಅಭಿಪ್ರಾಯ. 2022ರಿಂದ ನಿಯಮಬದ್ಧವಾದ ಹೈಕೋರ್ಟ್ ಕಲಾಪಗಳ ನೇರಪ್ರಸಾರದಿಂದ, ತಾವು ಕಳಿಸಿದ ಕಡತವನ್ನು ಮೇಲಿನ ವಕೀಲರು ಹೇಗೆ ವಾದಿಸಿದರೆಂದು ತಾಲ್ಲೂಕಿನ ವಕೀಲರೂ ಕೂತಲ್ಲೇ ನೋಡುವಂತಾಯಿತು. 2023ರ ಕಾವೇರಿ 2.0 ತಂತ್ರಾಂಶ ಬಂದ ಮೇಲೆ ನೋಂದಣಿಯ ವಿವರಗಳನ್ನು ಮೊದಲೇ ಆನ್‌ಲೈನಿನಲ್ಲಿ ತುಂಬಬೇಕು. ಚಕ್ಕುಬಂದಿಯ ನಾಲ್ಕು ಸಾಲು ನಾಲ್ಕು ಖಾನೆಗಳಾದವು. ಅವನ್ನು ತುಂಬಿಸಲು ಜನ ಹೋಗುವುದು ಮಾತ್ರ ಮತ್ತೆ ಬರಹಗಾರರ ಬಳಿಗೇ, ಇಲ್ಲವೆ ಕಂಪ್ಯೂಟರ್ ಸೆಂಟರಿಗೆ.

ವಿದೇಶಿ ಕೆಲಸದ ಹೊರಗುತ್ತಿಗೆ ಈ ಭಾಗವನ್ನು ದೂರದಿಂದ ಹಾದುಹೋಯಿತು. 2004ರಲ್ಲಿ ಹುಟ್ಟಿದ ಪ್ಯಾಂಜಿಯಾ3 ಎಂಬ ವಕೀಲಿ ಹೊರಗುತ್ತಿಗೆ ಸಂಸ್ಥೆಯನ್ನು 2010ರಲ್ಲಿ ಥಾಮ್ಸನ್ ರಾಯಿಟರ್ಸ್ ಕೊಂಡಿತು. ಕರ್ನಾಟಕದೊಳಗೆ ಮೈಸೂರಿನ ಎಸ್‌ಡಿಡಿ ಗ್ಲೋಬಲ್ ಸೊಲ್ಯೂಷನ್ಸ್ ಪಾಶ್ಚಾತ್ಯ ದೇಶಗಳ ಕಾನೂನು ಶೋಧನೆ, ಕರಡುಗಳ ಕೆಲಸ ಮಾಡಿತು. ಎ.ಕೆ. ಬಾಲಾಜಿ ಪ್ರಕರಣದ 2018ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇಂಥ ಹೊರಗುತ್ತಿಗೆ ಸಂಸ್ಥೆಗಳನ್ನು ಸಾರಾಸಗಟಾಗಿ ನಿಷೇಧಿಸಲಿಲ್ಲ. ಹೆಸರು ಏನೇ ಇರಲಿ, ಅವು ವಾಸ್ತವವಾಗಿ ಮಾಡುವುದು ವಕೀಲಿಯೇ ಆದರೆ ವಕೀಲರ ಕಾಯ್ದೆ ಅನ್ವಯಿಸುತ್ತದೆ ಎಂದಿತು. ವಕೀಲರನ್ನು ಒದಗಿಸುವ ಜಾಲತಾಣಗಳ ಮೇಲೆ ಕ್ರಮ ಕೈಗೊಳ್ಳಲು 2024ರ ಜುಲೈಯಲ್ಲಿ ಮದ್ರಾಸ್ ಹೈಕೋರ್ಟ್ ವಕೀಲರ ಪರಿಷತ್ತಿಗೆ ಸೂಚಿಸಿತು.

ಕೃತಕ ಬುದ್ಧಿಮತ್ತೆಯ ಅಧ್ಯಾಯ ಇನ್ನೂ ಬರೆದು ಮುಗಿದಿಲ್ಲ. 2019ರ ‘ಸುವಾಸ್’ ಅನುವಾದ ತಂತ್ರಾಂಶದಿಂದ ಸುಪ್ರೀಂ ಕೋರ್ಟ್ ತೀರ್ಪುಗಳು ಕನ್ನಡಕ್ಕೂ ಬರುತ್ತಿವೆ. ಇಂಗ್ಲಿಷ್ ತೊಡಕಾಗಿದ್ದ ತಾಲ್ಲೂಕಿನ ಜೂನಿಯರ್‌ಗೆ ಇದು ನಿಜವಾದ ಉಪಕಾರ. ಅಪಾಯವೂ ಹತ್ತಿರದಲ್ಲೇ ಕಂಡಿದೆ. ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಬೆಂಗಳೂರು ಪೀಠ 2024ರ ಡಿಸೆಂಬರಿನ ಒಂದು ಆದೇಶವನ್ನು ಹಿಂಪಡೆಯಬೇಕಾಯಿತು, ಏಕೆಂದರೆ ಅದರಲ್ಲಿ ಉಲ್ಲೇಖಿಸಿದ್ದ ತೀರ್ಪುಗಳಲ್ಲಿ ಕೆಲವು ಅಸ್ತಿತ್ವದಲ್ಲೇ ಇರಲಿಲ್ಲ. 2025ರಲ್ಲಿ ಬೆಂಗಳೂರಿನ ಸಿವಿಲ್ ನ್ಯಾಯಾಲಯವೊಂದರ ಆದೇಶದಲ್ಲೂ ಇಲ್ಲದ ತೀರ್ಪುಗಳ ಉಲ್ಲೇಖ ಕಂಡು ಹೈಕೋರ್ಟ್ ವಿಚಾರಣೆಗೆ ಸೂಚಿಸಿತು. ಕೇರಳ ಹೈಕೋರ್ಟ್ ಅದೇ ವರ್ಷದ ಜುಲೈಯಲ್ಲಿ ಜಿಲ್ಲಾ ನ್ಯಾಯಾಂಗಕ್ಕೆ ನೀತಿಯೊಂದನ್ನು ರೂಪಿಸಿ, ತೀರ್ಪು ಕೊಡಲು ಕೃತಕ ಬುದ್ಧಿಮತ್ತೆಯ ಸಾಧನಗಳನ್ನು ಬಳಸಬಾರದೆಂದಿತು. ನಮೂನೆ 7ರ ಕಾಲದಲ್ಲಿ ಅರ್ಜಿ ಬರೆದವರ ಹೆಸರು ಎಲ್ಲೂ ದಾಖಲಾಗುತ್ತಿರಲಿಲ್ಲ. ಇಂದು ಕರಡನ್ನು ಯಂತ್ರ ಬರೆದರೂ ವಾದಪತ್ರದ ಕೊನೆಯಲ್ಲಿ ವಕೀಲರ ರುಜು ಇರುತ್ತದೆ, ಸತ್ಯಾಪನೆಯ ಕೆಳಗೆ ಕಕ್ಷಿದಾರನ ರುಜು ಅಥವಾ ಹೆಬ್ಬೆಟ್ಟು ಇರುತ್ತದೆ.