ಎತ್ತಿದ್ದೂ ಗೇಣಿಯಿಲ್ಲದವನು: ತರಗತಿಯಲ್ಲಿ ‘ಚೋಮನ ದುಡಿ’

ಹೊರನಾಡಿನ ವಿಶ್ವವಿದ್ಯಾಲಯಗಳಲ್ಲಿ ಕನ್ನಡ ಓದುವ ವಿದ್ಯಾರ್ಥಿಗಳಲ್ಲಿ ಅನೇಕರು ನಗರಗಳಲ್ಲಿಯೇ ಬೆಳೆದವರು. ‘ಒಡೆಯ’, ‘ಒಕ್ಕಲು’, ‘ಆಳು’ ಎಂಬ ಪದಗಳ ಅರ್ಥವನ್ನು ಅವರು ನಿಘಂಟಿನಿಂದ ತಿಳಿಯಬಲ್ಲರು. ಅವುಗಳ ನಡುವಿನ ಅಂತರವನ್ನಲ್ಲ. ಆ ಅಂತರವನ್ನು ಕಣ್ಣಿಗೆ ಕಾಣಿಸಲು ‘ಚೋಮನ ದುಡಿ’ ಚಲನಚಿತ್ರದಷ್ಟು ಒದಗಿಬರುವ ಕೃತಿ ವಿರಳವೆಂದು ನಾವು ಭಾವಿಸುತ್ತೇವೆ. ಆದರೆ ಅದನ್ನು ಬರಿಯ ಕರುಣರಸದ ಕಥೆಯಾಗಿ ತೋರಿಸಿದರೆ ಅದರ ಚಾರಿತ್ರಿಕ ತಿರುಳು ಕೈತಪ್ಪುತ್ತದೆ.

ಶಿವರಾಮ ಕಾರಂತರ ಕಾದಂಬರಿ ಪ್ರಕಟವಾದದ್ದು 1933ರಲ್ಲಿ. ಆಗ ದಕ್ಷಿಣ ಕನ್ನಡವು ಮದರಾಸು ಪ್ರಾಂತ್ಯದ ಜಿಲ್ಲೆ. ಬಿ.ವಿ. ಕಾರಂತರ ನಿರ್ದೇಶನದ ಚಿತ್ರ 1975ರದು. ಅದಕ್ಕೆ ರಾಷ್ಟ್ರೀಯ ಸ್ವರ್ಣಕಮಲವೂ, ಚೋಮನಾಗಿ ನಟಿಸಿದ ಎಂ.ವಿ. ವಾಸುದೇವರಾವ್ ಅವರಿಗೆ ಶ್ರೇಷ್ಠ ನಟ ಪ್ರಶಸ್ತಿಯೂ ಸಂದವು. ಚಿತ್ರವು ತೆರೆಗೆ ಬರುವ ಹೊತ್ತಿಗೆ ಕರ್ನಾಟಕದ ತಿದ್ದುಪಡಿಗೊಂಡ ಭೂಸುಧಾರಣಾ ಕಾನೂನು 1974ರ ಮಾರ್ಚ್ 1ರಿಂದ ಜಾರಿಯಲ್ಲಿತ್ತು. ಇದರಿಂದಾಗಿ, ಚೋಮನ ಸಂಕಟವನ್ನು ‘ಉಳುವವನೇ ಹೊಲದೊಡೆಯ’ ಎಂಬ ಘೋಷಣೆ ಪರಿಹರಿಸಿತೆಂದು ವಿದ್ಯಾರ್ಥಿಗಳು ಸುಲಭವಾಗಿ ನಂಬಿಬಿಡುತ್ತಾರೆ. ಅಧ್ಯಾಪಕನು ಚಿತ್ರವನ್ನು ನಿಲ್ಲಿಸಿ ಮಾತಾಡಬೇಕಾದ ಸ್ಥಳವಿದು.

ಕರಾವಳಿಯ ಗೇಣಿ ಪದ್ಧತಿಯಲ್ಲಿ ಎರಡು ಬಗೆಗಳು ಪ್ರಧಾನವಾಗಿದ್ದವು. ಮೂಲಗೇಣಿ ವಂಶಪಾರಂಪರ್ಯವಾಗಿ ನಡೆದುಬರುವಂಥದು. ಚಾಲಗೇಣಿಯವನು ಒಡೆಯನ ಇಚ್ಛೆಯ ಮೇಲೆ ಉಳಿದವನು. ಇಬ್ಬರಿಗೂ ಹೊಲದೊಡನೆ ಒಂದು ಸಂಬಂಧವಿತ್ತು, ಒಂದು ಹೆಸರಿತ್ತು. ಚೋಮ ಇವರಿಬ್ಬರಿಗಿಂತ ಕೆಳಗಿನವನು. ಕಾಡಿನಿಂದ ಬಂದ ಎತ್ತಿನ ಜೋಡಿ ಅವನಲ್ಲಿದೆ, ಉಳುವ ತೋಳಿದೆ. ಗೇಣಿ ಮಾತ್ರ ಇಲ್ಲ. ಸಂಕಪ್ಪಯ್ಯನಲ್ಲಿ ಅವನು ಬೇಡುವುದು ಭೂಮಿಯ ಒಡೆತನವನ್ನಲ್ಲ, ಗೇಣಿದಾರನಾಗುವ ಅವಕಾಶವನ್ನು. ಅಸ್ಪೃಶ್ಯನಾದವನಿಗೆ ಅದೂ ದಕ್ಕುವುದಿಲ್ಲ. 1974ರ ಕಾನೂನು ಗೇಣಿಯ ಭೂಮಿಯನ್ನು ಸಾಗುವಳಿ ಮಾಡುತ್ತಿದ್ದ ಗೇಣಿದಾರನಿಗೆ ಕೊಡಿಸಿತು; ಭೂನ್ಯಾಯಮಂಡಳಿಯ ಮುಂದೆ ಅರ್ಜಿ ಹಿಡಿದು ನಿಲ್ಲಲು ಗೇಣಿಯ ಸಂಬಂಧವೇ ಆಧಾರ. ಕೂಲಿಯಾಳಿಗೆ ಅವನ ಗುಡಿಸಲು ನಿಂತ ನೆಲದ ಹಕ್ಕನ್ನೂ, ಹೆಚ್ಚುವರಿ ಭೂಮಿಯ ಹಂಚಿಕೆಯಲ್ಲಿ ಪಾಲಿನ ಭರವಸೆಯನ್ನೂ ಅದು ನೀಡಿತು, ನಿಜ. ಆದರೆ ತಾನು ಉಳಲಿಲ್ಲವೆಂದಲ್ಲ, ಉಳಲು ಬಿಡಲಿಲ್ಲವೆಂದು ಹೇಳಬಲ್ಲ ಚೋಮನಿಗೆ ಗೇಣಿದಾರನ ಸಾಲಿನಲ್ಲಿ ಸ್ಥಾನವಿರಲಿಲ್ಲ. ಅವನನ್ನು ಆ ಸಾಲಿನಿಂದ ಹೊರಗಿಟ್ಟದ್ದು ಜಾತಿ.

ನಡುಗನ್ನಡ ಸಾಹಿತ್ಯದ ಅಭ್ಯಾಸಿಗಳಾದ ನಮಗೆ ಇಲ್ಲಿ ವೀರಗಲ್ಲು ನೆನಪಾಗುವುದು ಸಹಜ. ಅದರ ಪಟ್ಟಿಕೆಗಳನ್ನು ಕೆಳಗಿನಿಂದ ಮೇಲಕ್ಕೆ ಓದಬೇಕೆಂಬುದನ್ನು ಯಾರಾದರೂ ಹೇಳಿಕೊಡಬೇಕು. ಹೇಳದಿದ್ದರೆ ಕಾಳಗವಷ್ಟೇ ಕಾಣುತ್ತದೆ, ಕಥೆ ಕಾಣುವುದಿಲ್ಲ. ಚಲನಚಿತ್ರಕ್ಕೂ ಇಂಥದೇ ಓದು ಬೇಕು. ಯಾರು ಜಗಲಿಯ ಮೇಲಿದ್ದಾರೆ, ಯಾರು ದೂರ ನಿಂತಿದ್ದಾರೆ ಎಂಬುದನ್ನು ಗುರುತಿಸಿಕೊಳ್ಳುವಂತೆ ವಿದ್ಯಾರ್ಥಿಗಳಿಗೆ ಸೂಚಿಸಿದರೆ, ಸಂಭಾಷಣೆ ಅರ್ಥವಾಗದ ಕನ್ನಡೇತರರೂ ಅರ್ಧ ಕಥೆಯನ್ನು ಹಿಡಿಯುತ್ತಾರೆ. ನೀಲ ನೀರಿನಲ್ಲಿ ಮುಳುಗುವ ಸನ್ನಿವೇಶಕ್ಕೆ ವ್ಯಾಖ್ಯಾನವೇ ಬೇಕಿಲ್ಲ. ಉತ್ತರ ಭಾರತದ ತರಗತಿಗಳಲ್ಲಿ ಪ್ರೇಮಚಂದರ ಕಥೆಯನ್ನಾಧರಿಸಿ ಸತ್ಯಜಿತ್ ರಾಯ್ ದೂರದರ್ಶನಕ್ಕಾಗಿ 1981ರಲ್ಲಿ ನಿರ್ಮಿಸಿದ ‘ಸದ್ಗತಿ’ಯನ್ನು ಇದರ ಪಕ್ಕದಲ್ಲಿಡಬಹುದು, ಅಲ್ಲಿ ಜಾತಿಯ ಕ್ರೌರ್ಯ ನಿಚ್ಚಳವಾಗಿದೆ, ಭೂಮಿಯ ಪ್ರಶ್ನೆ ಹಿನ್ನೆಲೆಗೆ ಸರಿದಿದೆ.

ನಗರದ ವಿದ್ಯಾರ್ಥಿ ಕೇಳಬಹುದಾದ ಪ್ರಶ್ನೆಯೊಂದುಂಟು: ಎತ್ತುಗಳನ್ನು ಮಾರಿ ಸಾಲ ತೀರಿಸಬಾರದಾಗಿತ್ತೇ? ಲೆಕ್ಕಕ್ಕೆ ಅದು ಸರಿಯಾದ ಪ್ರಶ್ನೆ. ಸಾಲಕ್ಕಾಗಿ ಚೋಮನ ಮಕ್ಕಳು ಘಟ್ಟದ ಕಾಫಿತೋಟಕ್ಕೆ ಹೋಗುತ್ತಾರೆ, ಎತ್ತುಗಳು ಕೊಟ್ಟಿಗೆಯಲ್ಲಿಯೇ ಉಳಿಯುತ್ತವೆ. ತಾನು ಬೇಸಾಯಗಾರನಾಗಬಲ್ಲೆನೆಂಬುದಕ್ಕೆ ಅವನಲ್ಲಿದ್ದ ದಾಖಲೆ ಅವಷ್ಟೇ. ಕಡೆಗೂ ಅವನು ಅವನ್ನು ಮಾರುವುದಿಲ್ಲ. ಕಾಡಿಗೆ ಅಟ್ಟಿ ಬಂದು, ಬಾಗಿಲು ಮುಚ್ಚಿ, ದುಡಿಯನ್ನು ಕೈಗೆತ್ತಿಕೊಳ್ಳುತ್ತಾನೆ.