ನಮ್ಮೂರ ಲೆಕ್ಕ, ಮೇಲಿನವರಿಗೆ ಬರೆದ ಪತ್ರ

(1/6)

ಉಡುಪಿ ಜಿಲ್ಲೆ ಬಗ್ಗೆ ಯಾರೇ ಪಿಪಿಟಿ ಮಾಡ್ಲಿ, ಬ್ಯಾಂಕಿನವರಾಗ್ಲಿ, ಎನ್‌ಜಿಒದವರಾಗ್ಲಿ, ಎರಡನೇ ಸ್ಲೈಡಿನ ಒಳಗೆ ಒಂದು ನಂಬರ್ ಬಂದೇ ಬರ್ತದೆ. 1094. 2011ರ ಜನಗಣತಿ ಪ್ರಕಾರ ನಮ್ಮ ಜಿಲ್ಲೆಯಲ್ಲಿ 1000 ಗಂಡಸರಿಗೆ 1094 ಹೆಂಗಸರು. ಪಕ್ಕದಲ್ಲಿ ಸಾಕ್ಷರತೆ 86 ಶೇಕಡಕ್ಕಿಂತ ಮೇಲೆ. ಕೆಳಗೆ, ಇದು ಮಹಿಳೆಯರಿಗೆ ಗೌರವ ಕೊಡುವ ಮುಂದುವರಿದ ಜಿಲ್ಲೆ ಅಂತ ಒಂದು ಸಾಲು. ಚಪ್ಪಾಳೆ.

ಈಗ ಅದೇ ಜನಗಣತಿಯ ಇನ್ನೊಂದು ಕಾಲಂ ಕಾಣಿ. 0ರಿಂದ 6 ವರ್ಷದ ಮಕ್ಕಳಲ್ಲಿ ಹುಡುಗರಿಗಿಂತ ಹುಡುಗಿಯರು ಕಡಿಮೆ. ಅಂದ್ರೆ ಇಲ್ಲಿ ಹೆಣ್ಣುಮಕ್ಕಳು ಹೆಚ್ಚು ಹುಟ್ಟುವುದಲ್ಲ, ದೊಡ್ಡವರಾಗುವಷ್ಟರಲ್ಲಿ ಗಂಡಸರು ಕಡಿಮೆಯಾಗ್ತಾರೆ. ಅವರೆಲ್ಲ ಎಲ್ಲಿ ಹೋದ್ರು ಅಂತ ಕುಂದಾಪ್ರದವರಿಗೆ ಹೇಳಿಕೊಡಬೇಕಾ ಮಾರ್ರೆ? ಬೆಂಗಳೂರಿನ ದರ್ಶಿನಿ, ಮುಂಬೈಯ ಹೋಟೆಲು, ಗಲ್ಫು. ಎಣಿಸುವವರು ಬರುವಾಗ ಯಾರು ಎಲ್ಲಿ ವಾಸ ಇದ್ದಾರೋ ಅಲ್ಲೇ ಅವರ ಲೆಕ್ಕ. ಅಳಿಯಕಟ್ಟಿನ ಊರು ನಮ್ಮದು, ಹೆಂಗಸರ ಮಾತಿಗೆ ಮನೆಯಲ್ಲಿ ಬೆಲೆ ಇತ್ತು, ಅದು ಸುಳ್ಳಲ್ಲ. ಆದ್ರೆ 1094ರಲ್ಲಿ ದೊಡ್ಡ ಪಾಲು ಊರು ಬಿಟ್ಟವರದ್ದು.

ನಂಬರ್ ಸರಿ. ಅದರ ಕೆಳಗೆ ಬರೆದ ಸಾಲು ಬೇರೆ ಯಾರದ್ದೋ.

ಊರನ್ನು ಉದ್ಧಾರ ಮಾಡುವ ಕೆಲಸಕ್ಕೆ ಬಂದವರು ಊರಿನ ಲೆಕ್ಕ ಹಿಡಿದು ಮೇಲಿನವರಿಗೆ ಪತ್ರ ಬರೆಯುವುದು ಇವತ್ತಿನ ಕಥೆಯಲ್ಲ. ಇನ್ನೂರು ವರ್ಷ ದಾಟಿತು. ಈ ಸೀರೀಸ್ ಅದರ ಬಗ್ಗೆ.

(2/6)

1799 ಮೇ 4ಕ್ಕೆ ಶ್ರೀರಂಗಪಟ್ಟಣ ಬಿತ್ತು. ಟಿಪ್ಪು ಕೈಯಲ್ಲಿದ್ದ ಕರಾವಳಿ ಈಸ್ಟ್ ಇಂಡಿಯಾ ಕಂಪನಿಗೆ ಹೋಯ್ತು. ಕಾರವಾರದ ಕಡೆಯಿಂದ ಈಗಿನ ಕಾಸರಗೋಡಿನ ವರೆಗಿನ ಇಡೀ ಕೆನರಾಕ್ಕೆ ಕಲೆಕ್ಟರಾಗಿ ಬಂದವ ಥಾಮಸ್ ಮನ್ರೋ. ಗ್ಲಾಸ್ಗೋದಲ್ಲಿ ಹುಟ್ಟಿದವ, ಸಿಪಾಯಿಯಾಗಿ ಕಂಪನಿ ಸೇರಿದವ, ಇಲ್ಲಿಗೆ ಬರುವ ಮೊದಲು ಬಾರಾಮಹಲಿನಲ್ಲಿ, ಅಂದ್ರೆ ಈಗಿನ ಧರ್ಮಪುರಿ ಕೃಷ್ಣಗಿರಿ ಕಡೆ, ಕಂದಾಯದ ಕೆಲಸ ಕಲಿತವ. ಇಲ್ಲಿಯ ಮಳೆ ಅವನಿಗೆ ಚೂರೂ ಹಿಡಿಸ್ಲಿಲ್ಲ, ಪತ್ರಗಳಲ್ಲಿ ಬೈದುಕೊಂಡಿದ್ದಾನೆ. ಆಸಾಡಿ ಮಳೆ ಕಂಡು ಹೆದರಿದವರಲ್ಲಿ ಅವನೇ ಮೊದಲಿನವನೂ ಅಲ್ಲ, ಕೊನೆಯವನೂ ಅಲ್ಲ ಬಿಡಿ.

ಮದ್ರಾಸಿನಲ್ಲಿ ರೆವಿನ್ಯೂ ಬೋರ್ಡ್ ಅಂತ ಒಂದಿತ್ತು. ಮನ್ರೋ ವರದಿ ಒಪ್ಪಿಸಬೇಕಾದ್ದು ಅವರಿಗೆ. 1793ರಲ್ಲಿ ಬಂಗಾಳದಲ್ಲಿ ಕಾರ್ನ್‌ವಾಲಿಸ್ ಮಾಡಿದ ಕಾಯಂ ಜಮೀನ್ದಾರಿಯನ್ನೇ ದಕ್ಷಿಣಕ್ಕೂ ತರಬೇಕು ಅಂತ ಮೇಲಿನವರ ಆಸೆ. ದೊಡ್ಡ ದೊಡ್ಡ ಜಮೀನ್ದಾರರು, ಅವರಿಂದ ಒಟ್ಟಿಗೆ ದುಡ್ಡು, ಕಂಪನಿಗೆ ತಲೆಬಿಸಿ ಇಲ್ಲ. ಮನ್ರೋಗೆ ಇಲ್ಲಿ ಕಂಡದ್ದೇ ಬೇರೆ. ಚಿಕ್ಕ ಚಿಕ್ಕ ಹಿಡುವಳಿ, ಪ್ರತಿಯೊಂದಕ್ಕೂ ಹೆಸರಿದ್ದ ಒಡೆಯ, ಮಾರಾಟ ಅಡವು ಪಾಲು ಎಲ್ಲ ಮೊದಲಿಂದಲೂ ನಡೆದಿತ್ತು. ಸಾವಿರಾರು ಮೈಲಿಯಾಚೆಯಿಂದ ಬಂದ ಯೋಜನೆಯನ್ನು "ನಮ್ಮಲ್ಲಿ ಆಗೂದಿಲ್ಲ" ಅಂತ ಬರೀ ಬಾಯಲ್ಲಿ ಹೇಳಿದ್ರೆ ಯಾರು ಕೇಳ್ತಾರೆ?

ಅವನು ಹಳೆಯ ಲೆಕ್ಕ ತೆಗೆಸಿದ. ಶಾನುಭೋಗರ ಹತ್ತಿರ ಇದ್ದದ್ದು ಕಡತ. ಈಗ ನಾವು ಆಫೀಸಿನ ಫೈಲಿಗೆಲ್ಲ ಕಡತ ಅಂತೇವೆ, ಆಗ ಅದು ಒಂದು ವಸ್ತು. ಬಟ್ಟೆಗೆ ಹುಣಿಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದು ಗಟ್ಟಿ ಮಾಡಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆಯುವುದು. ಕಪ್ಪು ಪುಟ, ಬಿಳಿ ಅಕ್ಷರ. ಡಾರ್ಕ್ ಮೋಡ್ ಎಂತ ಹೊಸತಲ್ಲ. ಬೇಕಿದ್ರೆ ಉಜ್ಜಿ ಪುನಃ ಬರೀಲಿಕ್ಕೂ ಆಗ್ತದೆ, ಅದು ನೆನಪಿರ್ಲಿ.

ಆ ಲೆಕ್ಕಗಳಿಂದ ಮನ್ರೋ ಒಂದು ಕಥೆ ಕಟ್ಟಿದ. ವಿಜಯನಗರದ ಹರಿಹರನ ಕಾಲದ ತೆರಿಗೆ ಹಗುರ ಇತ್ತು. 17ನೇ ಶತಮಾನದಲ್ಲಿ ಕೆಳದಿಯ ಶಿವಪ್ಪ ನಾಯಕ ಅದಕ್ಕೊಂದು ಕ್ರಮ ಕೊಟ್ಟ, ನಾವು ಶಿವಪ್ಪ ನಾಯಕನ ಶಿಸ್ತು ಅಂತೇವಲ್ಲ, ಅದು. 1763ರಲ್ಲಿ ಹೈದರ್ ಬಿದನೂರು ಹಿಡಿದ ಮೇಲೆ ಶಿಸ್ತಿನ ಮೇಲೆ ಶಾಮೀಲು ಅಂತ ಹೆಚ್ಚುವರಿ ಹೇರಿದ್ರು, ಟಿಪ್ಪು ಇನ್ನೂ ಹೇರಿದ, ಊರು ಬಡವಾಯ್ತು. ಹಾಗಾಗಿ ಕಂಪನಿಯವರೇ, ತೆರಿಗೆ ಇಳಿಸಿ, ಈಗಿರುವ ಒಡೆಯರ ಜೊತೆಗೇ ನೇರ ವ್ಯವಹಾರ ಮಾಡಿ. 1800 ಮೇ 31ರ ಅವನ ಪತ್ರದ ಸಾರ ಹೆಚ್ಚುಕಡಿಮೆ ಇಷ್ಟು.

ಕೆನರಾದಲ್ಲಿ ಬಂಗಾಳದಂಥ ಜಮೀನ್ದಾರಿ ಬರಲೇ ಇಲ್ಲ. ಅದಕ್ಕೆ ಈ ಒಂದು ಪತ್ರವೇ ಕಾರಣ ಅಂತ ಹೇಳ್ಲಿಕ್ಕಾಗೂದಿಲ್ಲ, ಆದ್ರೆ ಇಲ್ಲಿ ಕಂಡದ್ದನ್ನು ಮನ್ರೋ ಮರೆಯಲಿಲ್ಲ. ಮುಂದೆ ಮದ್ರಾಸಿನ ರೈತವಾರಿಗೆ ಅವನ ಹೆಸರೇ ಅಂಟಿಕೊಂಡಿತು, 1820ರಲ್ಲಿ ಗವರ್ನರೂ ಆದ.

ನನಗೆ ಅವನ ಜಾಣತನ ಇಷ್ಟ, ಕಥೆ ಪೂರ್ತಿ ಇಷ್ಟ ಇಲ್ಲ. ಹಳೆ ಕಾಲ ಚೆಂದ ಇತ್ತು ಅಂತ ತೋರಿಸುವುದು ಅವನ ವಾದಕ್ಕೆ ಬೇಕಿತ್ತು. ಹೈದರ್, ಟಿಪ್ಪು ಹಾಳು ಮಾಡಿದ್ರು ಅಂತ ಕೇಳುವುದು ಆಗಷ್ಟೇ ಯುದ್ಧ ಗೆದ್ದ ಕಂಪನಿಗೆ ಬೇಕಿತ್ತು. ಲೆಕ್ಕ ಕಡತದಿಂದಲೇ ಬಂದದ್ದು, ಯಾವ ಸಾಲು ಮೊದಲು ಬರಬೇಕು ಅಂತ ಆರಿಸಿದ್ದು ಅವನು.

(3/6)

ಮನ್ರೋ ಹೋದ ಮೇಲೆ, 1801ರ ಶುರುವಲ್ಲಿ, ಇನ್ನೊಬ್ಬ ಬಂದ. ಫ್ರಾನ್ಸಿಸ್ ಬುಕಾನನ್, ವೈದ್ಯ, ಗಿಡಮರಗಳ ಹುಚ್ಚು. ಗವರ್ನರ್ ಜನರಲ್ ವೆಲ್ಲೆಸ್ಲಿ ಅವನಿಗೆ ಕೊಟ್ಟ ಕೆಲಸ, ಹೊಸದಾಗಿ ಕೈಗೆ ಬಂದ ಸೀಮೆಯ ಬೇಸಾಯ, ಕಸುಬು, ವ್ಯಾಪಾರ ಎಲ್ಲ ನೋಡಿ ಬರೀ ಅಂತ. ತೆಂಕಿನಿಂದ ಬಂದು ಬ್ರಹ್ಮಾವರ, ಕುಂದಾಪುರ, ಬೈಂದೂರು ದಾಟಿ ಭಟ್ಕಳಕ್ಕೆ ಹೋದ. ಪುಸ್ತಕ 1807ರಲ್ಲಿ ಬಂತು.

ಇವನದ್ದು ಮನ್ರೋನ ಹಾಗೆ ವಾದ ಅಲ್ಲ, ಡೈರಿ. ಇಂತಿಷ್ಟು ಬೀಜ ಬಿತ್ತಿದ್ರೆ ಎಷ್ಟು ಭತ್ತ, ಯಾವ ಗದ್ದೆಗೆ ಎಷ್ಟು ಬೆಳೆ, ಆಳಿಗೆ ಎಷ್ಟು ಕೂಲಿ. ನಮ್ಮಲ್ಲಿ ಗದ್ದೆಯನ್ನು ಎಕರೆಯಲ್ಲಿ ಅಲ್ಲ, ಬೀಜದಲ್ಲಿ ಹೇಳ್ತಿದ್ರು: ಇದು ಮೂರು ಮುಡಿ ಗದ್ದೆ, ಅದು ಐದು ಮುಡಿ ಗದ್ದೆ. ಅಜ್ಜಂದಿರು ಇರುವ ಮನೆಯಲ್ಲಿ ಈಗಲೂ ಕೇಳಬಹುದು. ಬೇರೆ ಊರಿನ ಅಧಿಕಾರಿಗೆ ಇದು ತಲೆನೋವು, ಯಾಕಂದ್ರೆ ಮುಡಿಗೆ ಎಷ್ಟು ಸೇರು ಅನ್ನುವುದೇ ಕಡೆ ಕಡೆಗೆ ಬೇರೆ. ಬುಕಾನನ್ ಕೆಲವು ಕಡೆ ಗದ್ದೆಯನ್ನೇ ಅಳೆಸಿ ನೋಡಿದ. ಎಂತಕ್ಕೆ ಅಂದ್ರೆ ರೈತರು ಹೇಳಿದ್ದನ್ನು ಅವನು ಪೂರ್ತಿ ನಂಬಲಿಲ್ಲ. ನಂಬದೆ ಇದ್ದದ್ದು ಸರಿಯೇ. ಕಾಗದ ಪೆನ್ನು ಹಿಡಿದು ಬಂದ ಪರದೇಶಿಗೆ "ನಮ್ಗೆ ಭಾರೀ ಬೆಳೆ ಬತ್ತ್" ಅಂತ ಹೇಳಿ ಮುಂದಿನ ವರ್ಷ ತೆರಿಗೆ ಹೆಚ್ಚಿಸಿಕೊಳ್ಳುವ ದಡ್ಡ ಯಾರು ಇದ್ದ?

ಊರವರೂ ಪತ್ರ ಬರೆದದ್ದುಂಟು. 1830-31ರಲ್ಲಿ ಕೆನರಾದ ರೈತರು ಕೂಟ ಸೇರಿದ್ರು. ಕೂಟ ಅಂದ್ರೆ ಊರೂರಲ್ಲಿ ಒಟ್ಟಾಗಿ ಕೂತು, ಅರ್ಜಿ ಬರೆದು, ತೆರಿಗೆ ಇಳಿಸುವ ತನಕ ಕಟ್ಟುವುದಿಲ್ಲ ಅಂತ ಹಟ ಹಿಡಿಯುವುದು. ಅಕ್ಕಿಯ ಬೆಲೆ ಬಿದ್ದಿತ್ತು, ತೆರಿಗೆ ಮಾತ್ರ ನಗದಿನಲ್ಲಿ ಹಾಗೇ ಇತ್ತು. ಗಣಿತ ಗೊತ್ತಿದ್ದವರಿಗೆ ಇದಕ್ಕಿಂತ ಹೆಚ್ಚು ವಿವರ ಬೇಡ.

(4/6)

ಈ ಭಾಗ ಮನೆಯಲ್ಲಿ ಓದಿ ಹೇಳಿ, ಜಗಳ ಆದ್ರೆ ನಾನು ಜವಾಬ್ದಾರ ಅಲ್ಲ.

ಮನ್ರೋ ತನ್ನ ಪತ್ರದಲ್ಲಿ ಒಡೆಯ ಅಂತ ಹಿಡಿದದ್ದು ಯಾರನ್ನು? ತೆರಿಗೆ ಪುಸ್ತಕದಲ್ಲಿ ಹೆಸರಿದ್ದವರನ್ನು, ಅಂದ್ರೆ ವರ್ಗದಾರರನ್ನು. ಅವರ ಕೆಳಗೆ ಮೂಲಗೇಣಿಯವರು, ಅವರ ಗೇಣಿ ಕಾಯಂ. ಅದಕ್ಕೂ ಕೆಳಗೆ ಚಾಲಗೇಣಿಯವರು, ಅವರನ್ನು ಎಬ್ಬಿಸ್ಲಿಕ್ಕೆ ಕಷ್ಟ ಇರ್ಲಿಲ್ಲ. ಗದ್ದೆಗೆ ಇಳಿದು ಕೆಸರು ಮೆಟ್ಟಿದವರಲ್ಲಿ ಬಹಳ ಜನ ಈ ಕೊನೆಯ ಸಾಲಿನವರು, ಅವರ ಕೆಳಗೆ ಇನ್ನೂ ಮೂಲದಾಳುಗಳು. ಸರ್ಕಾರಕ್ಕೆ ದುಡ್ಡು ಕಟ್ಟದವ ಸರ್ಕಾರದ ಪುಸ್ತಕದಲ್ಲಿ ಇಲ್ಲ. ಪುಸ್ತಕದಲ್ಲಿ ಇಲ್ಲದವ ಪತ್ರದಲ್ಲೂ ಇಲ್ಲ.

ಅವರ ಹೆಸರು ದೊಡ್ಡದಾಗಿ ಕಾಗದಕ್ಕೆ ಬಂದದ್ದು ಯಾವಾಗ ಗೊತ್ತುಂಟಾ? 1974ರಲ್ಲಿ. ದೇವರಾಜ ಅರಸು ಸರ್ಕಾರದ ಭೂಸುಧಾರಣೆ ತಿದ್ದುಪಡಿ 1974 ಮಾರ್ಚ್ 1ಕ್ಕೆ ಜಾರಿಗೆ ಬಂತು. ಗೇಣಿದಾರ ಫಾರಂ ನಂಬರ್ 7 ತುಂಬಿ ಭೂನ್ಯಾಯಮಂಡಳಿಗೆ ಕೊಡಬೇಕು. ನಮ್ಮ ಕಡೆ ಅದಕ್ಕೆ "ಡಿಕ್ಲರೇಶನ್ ಹಾಕುವುದು" ಅಂತಲೇ ಹೆಸರು. ರಾಜ್ಯದಲ್ಲಿ ಅತಿ ಹೆಚ್ಚು ಅರ್ಜಿ ಬಿದ್ದ ಜಿಲ್ಲೆಗಳಲ್ಲಿ ಆಗಿನ ದಕ್ಷಿಣ ಕನ್ನಡ ಒಂದು.

ಫಾರಂ ಹಾಕಿದ್ರೆ ಸಾಲ್ದು, ಗೇಣಿ ಕೊಟ್ಟದ್ದಕ್ಕೆ ಗುರುತು ಬೇಕು. ಗೇಣಿ ಚೀಟಿ, ಪಹಣಿಯ ಸಾಗುವಳಿ ಕಾಲಮ್ಮಿನಲ್ಲಿ ಹೆಸರು, ಇಲ್ಲವೇ ನೆರೆಕರೆಯವರ ಸಾಕ್ಷಿ. ಮುಡಿ ಅಕ್ಕಿ ಹೊತ್ತು ಒಡೆಯರ ಚಾವಡಿಗೆ ಹಾಕಿದವರಲ್ಲಿ ಎಷ್ಟು ಜನ ಚೀಟಿ ಕೇಳಿ ತೆಗೆದುಕೊಂಡಿರ್ತಾರೆ? ನಮ್ಮ ಕ್ಲಾಸಿನಲ್ಲೇ ಎರಡೂ ಕಡೆಯವರು ಇದ್ದೇವೆ. ಡಿಕ್ಲರೇಶನಿಂದ ಗದ್ದೆ ಸಿಕ್ಕಿದ ಮನೆಯವರು, ಗದ್ದೆ ಹೋದ ಮನೆಯವರು. ಒಂದು ಮನೆಯಲ್ಲಿ ಅರಸು ಫೋಟೋ ಉಂಟು, ಇನ್ನೊಂದು ಮನೆಯಲ್ಲಿ ಆ ಹೆಸರು ತೆಗೀಲಿಕ್ಕಿಲ್ಲ. ಹೋದವರಲ್ಲಿ ಒಂದೆರಡು ಮುಡಿ ಗದ್ದೆ ಮಾತ್ರ ಇದ್ದ ವಿಧವೆಯರೂ ಇದ್ರು, ಅದನ್ನೂ ಹೇಳಬೇಕು.

(5/6)

ಈಗ ಬ್ರಹ್ಮಾವರದವರು ಕಾಲರ್ ಎತ್ತಿಕೊಳ್ಳುವ ವಿಷಯ.

1925ರಲ್ಲಿ ಉಡುಪಿಯಲ್ಲಿ ಡಾ. ಟಿ.ಎಂ.ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವ ಸೇರಿ ಒಂದು ಬ್ಯಾಂಕ್ ಶುರು ಮಾಡಿದ್ರು. ಕೆನರಾ ಇಂಡಸ್ಟ್ರಿಯಲ್ ಎಂಡ್ ಬ್ಯಾಂಕಿಂಗ್ ಸಿಂಡಿಕೇಟ್, ಬಂಡವಾಳ 8000 ರೂಪಾಯಿ. ಮುಂದೆ ಅದೇ ಸಿಂಡಿಕೇಟ್ ಬ್ಯಾಂಕ್, 2020 ಏಪ್ರಿಲ್ 1ರಿಂದ ಕೆನರಾ ಬ್ಯಾಂಕಿನ ಒಳಗೆ. ಕೈಮಗ್ಗದವರು ಕಷ್ಟದಲ್ಲಿದ್ದ ಕಾಲ ಅದು. ಬ್ಯಾಂಕಿನ ಮೊದಲ ಶಾಖೆ 1928ರಲ್ಲಿ ತೆರೆದದ್ದು ಬ್ರಹ್ಮಾವರದಲ್ಲಿ. ಅದೇ ವರ್ಷ ಪಿಗ್ಮಿ ಶುರು: ದಿನಕ್ಕೆ ಎರಡಾಣೆ, ಏಜೆಂಟ್ ಮನೆಬಾಗಿಲಿಗೇ ಬರ್ತಾನೆ.

ಪಿಗ್ಮಿಯನ್ನು ಎಲ್ಲರೂ ಉಳಿತಾಯದ ಕಥೆಯಾಗಿ ಹೇಳ್ತಾರೆ. ನನಗೆ ಕಾಣುವುದು ಆ ಏಜೆಂಟಿನ ಪುಸ್ತಕ. ಮೀನು ಮಾರುವ ಹೆಂಗಸು ಯಾವ ತಿಂಗಳು ಎರಡಾಣೆ ಕೊಡ್ತಾಳೆ, ಯಾವ ತಿಂಗಳು ಆಗೂದಿಲ್ಲ ಅಂತಾಳೆ, ನೇಕಾರನಿಗೆ ಯಾವಾಗ ಕೈ ಬಿಗಿ, ಎಲ್ಲ ಅದರಲ್ಲಿ ದಿನದಿನಕ್ಕೆ ಬರೆದಿರ್ತದೆ. ಯಾರಿಗೆ ಸಾಲ ಕೊಟ್ರೆ ತೀರಿಸ್ತಾರೆ ಅಂತ ಗೊತ್ತಾಗ್ಲಿಕ್ಕೆ ಇದಕ್ಕಿಂತ ಒಳ್ಳೆ ಮಾಹಿತಿ ಯಾವ ಸರ್ವೆಯಲ್ಲೂ ಸಿಕ್ಕುವುದಿಲ್ಲ. ಕೊಟ್ಟವರ ಕೈಯಲ್ಲೂ ಅದರ ಒಂದು ಪ್ರತಿ ಇತ್ತು, ಪಾಸ್ ಪುಸ್ತಕ. ಕಡತದ ಕಾಲದ ರೈತನಿಗೆ ಇದ್ದಿದ್ದಿಲ್ಲ.

1969ರಲ್ಲಿ ರಿಸರ್ವ್ ಬ್ಯಾಂಕು ಲೀಡ್ ಬ್ಯಾಂಕ್ ಯೋಜನೆ ತಂತು. ಜಿಲ್ಲೆಗೊಂದು ಬ್ಯಾಂಕು ಮುಂದಾಳು, ಅದು ಜಿಲ್ಲೆಯ ಸಮೀಕ್ಷೆ ಮಾಡಿ ಎಲ್ಲಿಗೆ ಎಷ್ಟು ಸಾಲ ಬೇಕು ಅಂತ ಯೋಜನೆ ಬರೀಬೇಕು. ಈಗಲೂ ಉಡುಪಿಯಲ್ಲಿ ಲೀಡ್ ಬ್ಯಾಂಕ್ ಸಭೆ ಆದಾಗ ಪೇಪರಲ್ಲಿ ಬರುವ ಒಂದು ಮಾತು ಉಂಟು, ಸಿ.ಡಿ. ಅನುಪಾತ. ಇಲ್ಲಿಯ ಬ್ಯಾಂಕುಗಳಿಗೆ 100 ರೂಪಾಯಿ ಠೇವಣಿ ಬಂದ್ರೆ ಅದರಲ್ಲಿ ಇಲ್ಲೇ ಸಾಲವಾಗಿ ಎಷ್ಟು ಹೋಗ್ತದೆ ಅಂತ ಲೆಕ್ಕ. ನಮ್ಮ ಜಿಲ್ಲೆಯದ್ದು ಕಡಿಮೆ ಅಂತ ದೂರು ಆಗಾಗ ಇದ್ದೇ ಇರ್ತದೆ.

ಈಗ ಒಂದನೇ ಭಾಗದ 1094ನ್ನು ಇದರ ಪಕ್ಕ ಇಡಿ. ಗಂಡಸರು ಊರು ಬಿಡ್ತಾರೆ, ದುಡ್ಡು ಕಳಿಸ್ತಾರೆ, ಠೇವಣಿ ಬೆಳೀತದೆ. ಇಲ್ಲಿ ಸಾಲ ಮಾಡಿ ಹೊಸ ಕೆಲಸ ಶುರು ಮಾಡುವವರು ಕಡಿಮೆ, ಹಾಗಾಗಿ ಆ ದುಡ್ಡೂ ಬೇರೆ ಕಡೆಗೆ ಹೋಗ್ತದೆ. ಸ್ಲೈಡಿನಲ್ಲಿ ಮೊದಲನೆಯದು ಹೆಮ್ಮೆ, ಎರಡನೆಯದು ಸಮಸ್ಯೆ. ನನ್ನ ಲೆಕ್ಕದಲ್ಲಿ ಎರಡೂ ಒಂದೇ ಸಂಗತಿ. ಡಿಗ್ರಿ ಮುಗಿದ ಮೇಲೆ ಬೆಂಗಳೂರು ಬಸ್ಸು ಹತ್ತುವವರು ನಾವೇ ಅಲ್ದಾ?

(6/6)

ಇನ್ನೊಂದು ನಂಬರ್, 15,702. ವಾರಾಹಿ ನೀರಾವರಿ ಯೋಜನೆಯಿಂದ ನೀರು ಸಿಗಬೇಕಾದ ಹೆಕ್ಟೇರುಗಳು. 1979ರಲ್ಲಿ ಮಂಜೂರಾದಾಗ ಅಂದಾಜು ವೆಚ್ಚ 9.43 ಕೋಟಿ. ವೆಚ್ಚ ನೂರಾರು ಕೋಟಿಗೆ ಏರಿತು, ಎಡದಂಡೆ ಕಾಲುವೆಗೆ ನೀರು ಬಿಡುವಷ್ಟರಲ್ಲಿ 2015 ಆಯ್ತು. ಈ ಮಧ್ಯೆ ವಾರಾಹಿ ನೀರು ಬರ್ತದೆ, ಕಬ್ಬು ಬೆಳೀತದೆ ಅನ್ನುವ ಲೆಕ್ಕದಲ್ಲಿ ಬ್ರಹ್ಮಾವರದ ಸಹಕಾರಿ ಸಕ್ಕರೆ ಕಾರ್ಖಾನೆ ನಿಂತಿತು. ನೀರು ಬರಲಿಲ್ಲ, ಅರೆಯಲಿಕ್ಕೆ ಸಾಕಷ್ಟು ಕಬ್ಬು ಸಿಗಲಿಲ್ಲ, ಬಾಗಿಲು ಹಾಕಿತು. ಕಾಗದದ ಮೇಲಿನ ಹೆಕ್ಟೇರನ್ನು ನಂಬಿ ಕಬ್ಬು ಹಾಕಿದವರು ನಮ್ಮ ಅಪ್ಪಂದಿರ ಕಾಲದವರು.

ಕೊನೆಗೆ ಬೈಂದೂರು. ಗಡಿ ಬದಲಾದ್ರೆ ಲೆಕ್ಕವೂ ಬದಲಾಗ್ತದೆ ಅನ್ನುವುದು ಈ ಕಡೆಗೆ ಹೊಸತಲ್ಲ. 1862ರಲ್ಲಿ ಉತ್ತರ ಕೆನರಾ ಮುಂಬೈ ಪ್ರಾಂತ್ಯಕ್ಕೆ ಹೋಯ್ತು, ಕುಂದಾಪುರ ಮದ್ರಾಸಿನಲ್ಲೇ ಉಳೀತು. ಶಿರೂರು ದಾಟಿ ಭಟ್ಕಳಕ್ಕೆ ಹೋದ್ರೆ ಬೇರೆ ಪ್ರಾಂತ್ಯ, ಬೇರೆ ರಿಪೋರ್ಟು. 1997ರಲ್ಲಿ ಉಡುಪಿ ಬೇರೆ ಜಿಲ್ಲೆ. 2017ರ ಬಜೆಟ್ಟಿನಲ್ಲಿ ಘೋಷಣೆಯಾದ 49 ಹೊಸ ತಾಲೂಕುಗಳಲ್ಲಿ ಬೈಂದೂರು, ಬ್ರಹ್ಮಾವರ ಎರಡೂ ಇದ್ದವು.

ಆದ್ರೆ 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಗೆ ಇರುವುದು ಮೂರೇ ಸಾಲು: ಉಡುಪಿ, ಕುಂದಾಪುರ, ಕಾರ್ಕಳ. ಶಿರೂರು, ಉಪ್ಪುಂದ, ಕೊಲ್ಲೂರು ಎಲ್ಲ ಕುಂದಾಪುರದ ಸಾಲಿನೊಳಗೆ. ಬಾರ್ಕೂರು, ಬ್ರಹ್ಮಾವರ ಉಡುಪಿಯ ಸಾಲಿನೊಳಗೆ. ಕೊಲ್ಲೂರಿನ ಕಾಡಂಚಿನ ಮನೆಗೂ ಕುಂದಾಪುರ ಪೇಟೆಯ ಮನೆಗೂ ಒಂದೇ ಸರಾಸರಿ. ಆಸ್ಪತ್ರೆ, ಹಾಸ್ಟೆಲು, ಬಸ್ಸು ಕೇಳಿ ಅರ್ಜಿ ಬರೆಯುವಾಗ ಬೈಂದೂರಿನವರಿಗೆ ತಮ್ಮದೇ ಅಂತ ತೋರಿಸ್ಲಿಕ್ಕೆ ಅದರಲ್ಲಿ ಒಂದು ಸಾಲಿಲ್ಲ. ಮುಂದಿನ ಜನಗಣತಿಯ ಗಣನೆಯ ದಿನ 2027 ಮಾರ್ಚ್ 1 ಅಂತ ಅಧಿಸೂಚನೆ ಆಗಿದೆ.

ಅಷ್ಟರ ಒಳಗೆ ಯಾರಾದ್ರೂ ಬೈಂದೂರು ತಾಲೂಕಿನ 2011ರ ಅಂಕಿ ಅಂತ ಸ್ಲೈಡ್ ತೋರಿಸಿದ್ರೆ, ಯಾವ ಯಾವ ಗ್ರಾಮ ಕೂಡಿಸಿದ್ರಿ ಅಂತ ಕೇಳಿ. ಕೂಡಿಸ್ಲಿಕ್ಕೆ ಆಗ್ತದೆ, ಗ್ರಾಮವಾರು ಪಟ್ಟಿ ಎಲ್ಲರಿಗೂ ಸಿಗ್ತದೆ, ಕೆಲಸ ಜಾಸ್ತಿ ಅಷ್ಟೇ. ಬೈಂದೂರಿನದ್ದು ನಾನು ಶಿರೂರಿಂದ ಶುರು ಮಾಡಿದ್ದೇನೆ. ಬ್ರಹ್ಮಾವರದವರು ಯಾರಾದ್ರೂ ನಿಮ್ಮ ಕಡೆಯದ್ದು ಮಾಡ್ತೀರಾದ್ರೆ ಮೆಸೇಜ್ ಹಾಕಿ, ಒಂದೇ ಶೀಟಲ್ಲಿ ಸೇರಿಸುವ.

#ಕುಂದಾಪ್ರ #ಬೈಂದೂರು #ಬ್ರಹ್ಮಾವರ #ನಮ್ಮೂರ_ಚರಿತ್ರೆ