ಹೊನ್ನಮೇಟಿಯ ಬಂಗಲೆ

ಗಿರಿಶಿಖರಗಳ ತಂಪಿನಲ್ಲಿ ವಿಹಾರಗೃಹಗಳನ್ನು ಕಟ್ಟಿಸಿಕೊಳ್ಳುವುದು ಹತ್ತೊಂಬತ್ತನೆಯ ಶತಮಾನದ ಸಿರಿವಂತರಿಗೆ ಬಹು ಪ್ರಿಯವಾದ ಸಂಗತಿಯಾಗಿದ್ದಿತು. ಯೂರೋಪಿನಲ್ಲಿ ಆಲ್ಪ್ಸ್ ಪರ್ವತದ ತಪ್ಪಲುಗಳಲ್ಲಿ ಇಂತಹ ಮನೆಗಳು ಎದ್ದುವು. ನಮ್ಮ ಕಡೆಯಲ್ಲಿ ಕೊಯಮತ್ತೂರಿನ ಕಲೆಕ್ಟರಾಗಿದ್ದ ಜಾನ್ ಸಲಿವನ್ ಎಂಬವರು ೧೮೨೨ರಲ್ಲಿ ಉದಕಮಂಡಲದಲ್ಲಿ ಕಲ್ಲುಬಂಗಲೆಯನ್ನು ಕಟ್ಟಿಸತೊಡಗಿದರು. ಅವರ ಜಿಲ್ಲೆಯಲ್ಲಿ ನಮ್ಮ ಕೊಳ್ಳೇಗಾಲದ ಸೀಮೆಯೂ ಸೇರಿದ್ದಿತು. ಆ ಸೀಮೆಯ ಬೆಟ್ಟದ ಮೇಲೂ ಮುಂದೆ ಒಂದು ಬಂಗಲೆ ಹೆಸರಾಯಿತು. ಅದರ ಚರಿತ್ರೆಯನ್ನು ಈಗ ವಿಚಾರಿಸೋಣ.

ಹನೂರು, ಕೌದಳ್ಳಿಗಳ ಮಾರ್ಗವಾಗಿ ಯಾತ್ರಿಕರು ಮಲೆಯ ಮಹದೇಶ್ವರನ ದರ್ಶನಕ್ಕೆ ಹೋಗುತ್ತಾರೆ. ಇದೇ ಸೀಮೆಯ ಪಡುವಣ ದಿಕ್ಕಿನಲ್ಲಿರುವುದು ಬಿಳಿಗಿರಿರಂಗನ ಬೆಟ್ಟ. ಅದರ ಅಡಿಯಲ್ಲಿರುವ ಯಳಂದೂರನ್ನು ಮುಮ್ಮಡಿ ಕೃಷ್ಣರಾಜ ಒಡೆಯರು ೧೮೦೭ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದಯಪಾಲಿಸಿದರು. ಕೊಳ್ಳೇಗಾಲವಾದರೋ ೧೯೫೬ರವರೆಗೂ ಮದರಾಸಿಗೆ ಸೇರಿದ್ದಿತು. ಹೀಗೆ ಒಂದೇ ಬೆಟ್ಟಸಾಲಿನ ಆಸುಪಾಸಿನಲ್ಲಿ ಎರಡು ಆಡಳಿತಗಳು ನಡೆದುವು.

ಆದರೆ ಸರಕಾರಗಳ ಎಲ್ಲೆಗಳು ಹುಟ್ಟುವುದಕ್ಕೆ ಬಹು ಮುನ್ನವೇ ಈ ಕಾಡು ಸೋಲಿಗರ ನೆಲೆಯಾಗಿದ್ದಿತು. ರಂಗನಾಥನು ತಮ್ಮ ಕುಲದ ಕುಸುಮಾಲೆಯನ್ನು ವರಿಸಿದನೆಂದೂ, ಆದುದರಿಂದ ಆತನು ತಮ್ಮ ಭಾವನೆಂದೂ ಅವರು ಹೇಳಿಕೊಳ್ಳುವರು. ಪೋಡುಗಳಲ್ಲಿ ವಾಸಿಸಿ, ರಾಗಿಯನ್ನು ಬಿತ್ತಿ, ಜೇನು ನೆಲ್ಲಿಗಳನ್ನು ಆಯ್ದು ಬದುಕುತ್ತಿದ್ದ ಈ ಜನರ ಬಳಿ ನೆಲದ ಒಡೆತನವನ್ನು ತೋರಿಸುವ ಕಾಗದವೊಂದೂ ಇರಲಿಲ್ಲ. ತಟ್ಟಿದರೆ ಲೋಹದಂತೆ ನಾದಗೈಯುವ ಬಂಡೆಯೊಂದು ಈ ಬೆಟ್ಟದ ಮೇಲಿದೆ. ಅದಕ್ಕೆ ಹೊನ್ನಮೇಟಿ ಕಲ್ಲೆಂದು ಹೆಸರು. ಅಲ್ಲಿಯ ಕಾಫಿ ತೋಟಕ್ಕೂ ಹೊನ್ನಮೇಟಿಯೆಂಬುದೇ ಹೆಸರು.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ರಾಂಡಾಲ್ಫ್ ಮೋರಿಸ್ ಎಂಬವರು ಇಲ್ಲಿಗೆ ಬಂದು ಅತ್ತಿಖಾನೆಯಲ್ಲಿ ಕಾಫಿಯನ್ನು ಬೆಳೆಯಿಸಿದರು. ಅವರ ಮಗ ರಾಲ್ಫ್ ಮೋರಿಸರ (೧೮೯೪–೧೯೭೭) ಕಾಲದಲ್ಲಿ ಹೊನ್ನಮೇಟಿಯ ಬಂಗಲೆ ವಿದ್ವಾಂಸರ ವಲಯದಲ್ಲಿ ಪ್ರಸಿದ್ಧಿಗೆ ಬಂದಿತು. ಮೋರಿಸರು ತೋಟಗಾರರು, ಬೇಟೆಗಾರರು. ಅದಕ್ಕಿಂತ ಮಿಗಿಲಾಗಿ ಸೂಕ್ಷ್ಮದೃಷ್ಟಿಯ ನಿಸರ್ಗವೀಕ್ಷಕರು. ಆನೆ, ಕಾಟಿ, ಹುಲಿಗಳನ್ನು ಕುರಿತು ಅವರು ಬರೆದ ಟಿಪ್ಪಣಿಗಳು ಮುಂಬಯಿಯ ನಿಸರ್ಗ ಚರಿತ್ರೆಯ ಸಂಘದ ಪತ್ರಿಕೆಯಲ್ಲಿ ವರ್ಷವರ್ಷವೂ ಪ್ರಕಟವಾಗುತ್ತಿದ್ದುವು. ಅವುಗಳ ಕೆಳಗೆ ಕಾಣುತ್ತಿದ್ದ ವಿಳಾಸ: ಹೊನ್ನಮೇಟಿ ಎಸ್ಟೇಟ್, ಅತ್ತಿಖಾನೆ ಅಂಚೆ, ಮೈಸೂರು ಮಾರ್ಗ. ೧೯೩೯–೪೦ರಲ್ಲಿ ಮೈಸೂರು ಸಂಸ್ಥಾನದ ಪಕ್ಷಿಗಳ ಸಮೀಕ್ಷೆಯನ್ನು ನಡೆಸಿದ ಸಲೀಂ ಅಲಿಯವರು ಈ ಬೆಟ್ಟಗಳಲ್ಲಿಯೂ ಸಂಚರಿಸಿದರು.

ಈ ಮನೆತನದ ಮಗಳು ಮೋನಿಕಾ ಜಾಕ್ಸನ್ ಬೆಳೆದುದೂ ಈ ಬೆಟ್ಟಗಳಲ್ಲಿಯೇ. ೧೯೫೫ರಲ್ಲಿ ಅವರು ಎಲಿಜಬೆತ್ ಸ್ಟಾರ್ಕ್ ಮತ್ತು ಎವೆಲಿನ್ ಕ್ಯಾಮ್ರಾಸ್ ಅವರೊಡನೆ ನೇಪಾಳದ ಜುಗಲ್ ಹಿಮಾಲಯವನ್ನು ಏರಿದರು. ಸ್ತ್ರೀಯರೇ ಕೂಡಿ ಹಿಮಾಲಯಕ್ಕೆ ಹೊರಟ ಮೊದಲನೆಯ ಆರೋಹಣವೆಂದು ಅದು ಖ್ಯಾತಿವೆತ್ತಿದೆ. ಸ್ವಾತಂತ್ರ್ಯಾನಂತರ ಮೋರಿಸರ ಮನೆತನದವರು ಬೆಟ್ಟವನ್ನು ಬಿಟ್ಟರು. ತೋಟಗಳು ಬೇರೆಯವರ ಕೈಸೇರಿದುವು.

ಬಂಗಲೆಯ ಚರಿತ್ರೆಯನ್ನು ಇಲ್ಲಿಗೇ ಮುಗಿಸಿದರೆ ಅದು ಅರ್ಧ ಚರಿತ್ರೆಯಾದೀತು. ೧೯೭೪ರಲ್ಲಿ ಈ ಕಾಡು ಅಭಯಾರಣ್ಯವೆಂದು ಘೋಷಿತವಾಯಿತು. ಆಗ ಬೇಟೆಯೂ ಕಾಡಿನ ಬೇಸಾಯವೂ ನಿಂತುಹೋಗಿ, ಸೋಲಿಗರನೇಕರು ಒಳಗಾಡಿನ ಪೋಡುಗಳನ್ನು ತೊರೆದು ರಸ್ತೆಯ ಬದಿಗೆ ಬಂದು ನೆಲಸಬೇಕಾಯಿತು. ಕಾಫಿ ತೋಟಗಳಾದರೋ ಅದೇ ಅರಣ್ಯದ ನಡುವೆ ಖಾಸಗಿ ಸ್ವತ್ತಾಗಿಯೇ ಉಳಿದುವು. ತಲೆತಲಾಂತರದಿಂದ ಇದ್ದವರು ಎದ್ದುಹೋದುದಕ್ಕೂ, ಕಳೆದ ಶತಮಾನಗಳಲ್ಲಿ ಬಂದ ತೋಟಗಳು ನಿಂತುದಕ್ಕೂ ಕಾರಣವನ್ನು ಹುಡುಕಿದರೆ, ಒಂದು ಕಡೆ ಪತ್ರವಿದ್ದಿತು, ಇನ್ನೊಂದು ಕಡೆ ಇರಲಿಲ್ಲ ಎಂಬುದೇ ನಮಗೆ ಎದ್ದುಕಾಣುವುದು.

೨೦೦೬ರ ಅರಣ್ಯ ಹಕ್ಕುಗಳ ಕಾಯಿದೆ ಈ ಕೊರತೆಯನ್ನು ತುಂಬಲು ಅವಕಾಶವನ್ನಿತ್ತಿತು. ಬೆಟ್ಟವು ಹುಲಿಗಳ ರಕ್ಷಿತಾರಣ್ಯವಾದ ೨೦೧೧ರಲ್ಲಿಯೇ ಸೋಲಿಗರ ಅನೇಕ ಗ್ರಾಮಸಭೆಗಳು ಸಾಮುದಾಯಿಕ ಹಕ್ಕುಪತ್ರಗಳನ್ನು ಪಡೆದುವು. ಜೇನು, ನೆಲ್ಲಿ ಮೊದಲಾದ ಕಾಡಿನ ಉತ್ಪನ್ನಗಳನ್ನು ಸಂಗ್ರಹಿಸುವ ಅಧಿಕಾರ ಅವರಿಗೆ ದೊರೆಯಿತು.

ಮೋರಿಸರ ಟಿಪ್ಪಣಿಗಳನ್ನು ನಾವು ಆದರದಿಂದಲೇ ಓದಬೇಕು. ಅವು ನಮ್ಮ ಕಾಡಿನ ಬಗ್ಗೆ ದೊರೆಯುವ ಅಮೂಲ್ಯವಾದ ದಾಖಲೆಗಳು. ಆದರೆ ಈ ಬೆಟ್ಟದ ಆನೆಯ ಹಾದಿಯನ್ನೂ ಕಾಟಿಯ ನಡೆಯನ್ನೂ ಅವರಿಗಿಂತ ಮೊದಲೇ ಬಲ್ಲವರು ಇಲ್ಲಿದ್ದರೆಂಬುದನ್ನೂ ನೆನೆಯುವುದು ಉಚಿತ. ಹೊನ್ನಮೇಟಿಯ ಚರಿತ್ರೆಯನ್ನು ಬರೆಯುವವರು ಬಂಗಲೆಯ ವಿಳಾಸವನ್ನು ಬರೆದುಕೊಂಡಂತೆಯೇ ಅದರ ಸುತ್ತಲಿದ್ದ ಪೋಡುಗಳ ಹೆಸರುಗಳನ್ನೂ ಹಿರಿಯ ಸೋಲಿಗರಿಂದ ಕೇಳಿ ಬರೆದಿಡತಕ್ಕದ್ದೆಂದು ನಮ್ಮ ಅಭಿಪ್ರಾಯ.